ಎಡದವಡೆ

೭ ಮೇ ೨೦೨೪, ಮಂಗಳವಾರ

ಹಲ್ಲುನೋವು ಶುರುವಾಗಿ ಇವತ್ತಿಗೆ ಒಂಬತ್ತು ದಿನ. ಕೆಳಗಿನ ಎಡದವಡೆ, ಕೊನೆಯಿಂದ ಎರಡನೆಯ ಹಲ್ಲು. ನೋವು ಕಿವಿಯ ತನಕ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ನಿಂತು, ಮತ್ತೆ ದವಡೆಗೆ ಇಳಿಯುತ್ತದೆ. ಪದ್ಯದ ಪುಸ್ತಕ ತೆರೆದರೆ ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಊರಿಂದ ಹೊರಡುವಾಗ ಬಟ್ಟೆ ಕಡಿಮೆ ಮಾಡಿ ಆರು ಪುಸ್ತಕ ತಂದಿದ್ದೆ. ಈಗ ಅವು ಆರೂ ಬೇರೆ ಯಾರದೋ ಮನೆಯ ಸಾಮಾನಿನ ಹಾಗೆ ಕಾಣುತ್ತಿವೆ.

"ಇನ್ನೂ ಎಷ್ಟು ದಿನ ಲವಂಗ ಕಚ್ಕಂಡು ಕುಂದಿರ್ತೀಯ? ಎರಡು ಬೀದಿ ಆಚೆಗೇ ಐತೆ ಕ್ಲಿನಿಕ್ಕು" ಎಂದು ಇವರು ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತ ಅಂದರು. ಬಬ್ಬೂರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇಪ್ಪತ್ತಾರು ವರ್ಷ ಒಣಭೂಮಿಯ ಬೆಳೆ ನೋಡಿಕೊಂಡಿದ್ದವರು, ಈಗ ಜಪಾನಿನ ಈ ಕಡಲತಡಿಯ ಊರಲ್ಲಿ ಮರಳು ದಿಬ್ಬದ ಮೇಲೆ ಏನು ಬೆಳೆದೀತು ಎಂದು ನೋಡುತ್ತಿದ್ದಾರೆ. ಮೂರು ವರ್ಷದ ಕೆಲಸದಲ್ಲಿ ಹದಿನಾಲ್ಕು ತಿಂಗಳು ಕಳೆದಿವೆ. ಹಿರಿಯೂರಿನ ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷ ಕನ್ನಡ ಪಾಠ ಹೇಳಿದ ನಾನು ಇಲ್ಲಿ ಅಂಗಡಿಯಲ್ಲಿ ಉಪ್ಪು ಯಾವುದು ಸಕ್ಕರೆ ಯಾವುದು ಎಂದು ಫೋನಿನ ಕ್ಯಾಮೆರಾ ಹಿಡಿದು ಓದಿಕೊಳ್ಳುತ್ತೇನೆ.

ಕ್ಲಿನಿಕ್ಕಿಗೆ ಹೋಗದಿರುವುದಕ್ಕೆ ಎರಡು ಕಾರಣ. ಒಂದು, ನನ್ನ ಹಲ್ಲು. ಹರಿಯಬ್ಬೆಯ ಬೋರ್‌ವೆಲ್ ನೀರು ಕುಡಿದು ಬೆಳೆದ ಎಲ್ಲರ ಹಾಗೆ ನನ್ನ ಹಲ್ಲಿಗೂ ಫ್ಲೋರೈಡಿನ ಕಂದು ಪಟ್ಟೆ ಬಿದ್ದಿವೆ. ಊರಲ್ಲಿ ಎಲ್ಲರದೂ ಹಾಗೇ ಇರುವುದರಿಂದ ಯಾರೂ ಯಾರ ಹಲ್ಲನ್ನೂ ನೋಡುವುದಿಲ್ಲ. ಇಲ್ಲಿ ಅರ್ಧ ಜನ ಮಾಸ್ಕು ಹಾಕಿಕೊಂಡೇ ಓಡಾಡುತ್ತಾರೆ. ನಾನೂ ಹಾಕಿಕೊಂಡೆ. ಈ ದೇಶದಲ್ಲಿ ನನಗೆ ಸಿಕ್ಕ ಮೊದಲ ನೆಮ್ಮದಿ ಅದು.

ಎರಡನೆಯ ಕಾರಣ ಬರೆಯುವುದು ಬೇಡ.

೯ ಮೇ, ಗುರುವಾರ

ಹೋಗಿಬಂದೆ.

ಕ್ಷೌರದಂಗಡಿಗೂ ಇಸ್ತ್ರಿ ಅಂಗಡಿಗೂ ನಡುವೆ ಇರುವ ಚಿಕ್ಕ ಕ್ಲಿನಿಕ್ಕು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಅವರ ಚಪ್ಪಲಿ ಹಾಕಿಕೊಳ್ಳಬೇಕು. ವಿಮೆಯ ಕಾರ್ಡು ತೋರಿಸಿದೆ. ಎರಡು ಪುಟದ ಫಾರಂ ಕೊಟ್ಟರು. ಫೋನು ಹಿಡಿದು ಒಂದೊಂದೇ ಪ್ರಶ್ನೆ ಕನ್ನಡಕ್ಕೆ ಮಾಡಿಕೊಂಡು ಗುರುತು ಹಾಕುತ್ತ ಬಂದೆ. ಸಕ್ಕರೆ ಕಾಯಿಲೆ, ಇಲ್ಲ. ಔಷಧಿ ಒಗ್ಗದಿರುವುದು, ಇಲ್ಲ. ಧೂಮಪಾನ ಮಾಡುತ್ತೀರಾ, ದಿನಕ್ಕೆ ಎಷ್ಟು? ಇಲ್ಲ ಎಂದು ಗುರುತು ಹಾಕಿದೆ. ನಾನು ಬೀಡಿ ಸಿಗರೇಟು ಮುಟ್ಟಿದವಳಲ್ಲ. ಸುಳ್ಳು ಬರೆಯಲಿಲ್ಲ.

ಡಾಕ್ಟರ್ ನಿಶಿದಾ ನನ್ನದೇ ವಯಸ್ಸಿನ ಹೆಂಗಸು. ನೋವಾದರೆ ಎಡಗೈ ಎತ್ತಬೇಕು ಎಂದು ತಾವೇ ಎತ್ತಿ ತೋರಿಸಿದರು. ಬೆಳಕು ಕಣ್ಣಿಗೆ ಬೀಳದಂತೆ ಮುಖದ ಮೇಲೆ ಟವೆಲು ಹಾಕಿದರು. ಟವೆಲಿನ ಕೆಳಗೆ ನಾನು ಬರೀ ಬಾಯಿ ಆದೆ. ಕಂದು ಪಟ್ಟೆ ನೋಡಿ, ಚಹಾ ಹೆಚ್ಚೇ ಎಂದು ಫೋನಿನಲ್ಲಿ ಕೇಳಿದರು. ನೀರು ಎಂದೆ. ಅವರಿಗೆ ಅರ್ಥವಾಯಿತು. ಎಷ್ಟು ವರ್ಷ ಆ ನೀರು ಕುಡಿದಿರಿ ಎಂದು ಕೇಳಿದರು, ಅಷ್ಟೇ. ಇಷ್ಟಕ್ಕಾ ನಾನು ಹನ್ನೊಂದು ದಿನ ಹೆದರಿದ್ದು ಎನ್ನಿಸಿತು.

ಆಮೇಲೆ ಕೆಳತುಟಿಯನ್ನು ಎಡಕ್ಕೆ ಎಳೆದು ಹಿಡಿದರು. ಕನ್ನಡಿ ಒಳಗಿಟ್ಟು ಬಹಳ ಹೊತ್ತು ನೋಡಿದರು. ಸಹಾಯಕಿಯನ್ನು ಕರೆದು ತೋರಿಸಿದರು. "ತಂಬಾಕು?" ಎಂದು ಫೋನು ಕೇಳಿತು. ತಲೆ ಅಲ್ಲಾಡಿಸಿದೆ.

ಆ ಜಾಗ ನನಗೆ ಗೊತ್ತು. ಹಲ್ಲಿಗೂ ಕೆನ್ನೆಗೂ ನಡುವಿನ ಆ ಸಂದಿನಲ್ಲಿ ಮೂವತ್ತೆರಡು ವರ್ಷದಿಂದ ನಾನು ಕಡ್ಡಿಪುಡಿ ಇಡುತ್ತಿದ್ದೇನೆ. ಹೊಗೆಸೊಪ್ಪಿನ ಕಡ್ಡಿಯ ಪುಡಿ, ಒಂದು ಚಿಟಿಕೆ, ಬೆಳಿಗ್ಗೆ ಒಂದು ಸಲ, ಊಟದ ಮೇಲೆ ಒಂದು ಸಲ, ಸಂಜೆ. ಬರೆದೇಬಿಟ್ಟೆ.

೧೦ ಮೇ, ಶುಕ್ರವಾರ

ನಿನ್ನೆ ಬರೆದ ಪುಟ ಹರಿದು ಹಾಕೋಣವೆಂದು ಕೂತೆ. ಆಗಲಿಲ್ಲ. ಇನ್ನೊಂದಿಷ್ಟು ಬರೆಯುತ್ತೇನೆ.

ಹದಿನಾರನೇ ವಯಸ್ಸು, ಪಿಯುಸಿ ಪರೀಕ್ಷೆಯ ಹಿಂದಿನ ದಿನ ಹಲ್ಲುನೋವು. ಅಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ನನ್ನನ್ನು ಬೆಳೆಸುತ್ತಿದ್ದವಳು ಅಕ್ಕ ಬರಗೇರಮ್ಮ. ಅವಳು ಕುರಿ ಹಟ್ಟಿಯಿಂದ ಎದ್ದು ಬಂದು, ಸೊಂಟದ ಸಂಚಿ ಬಿಚ್ಚಿ, ಒಂದು ಚಿಟಿಕೆ ತೆಗೆದು ಹಲ್ಲಿನ ಬುಡಕ್ಕೆ ಒತ್ತಿದಳು. "ಹಿಡ್ಕ. ಉಗುಳು ನುಂಗಬ್ಯಾಡ." ನೋವು ಹೋಯಿತು. ಪರೀಕ್ಷೆ ಬರೆದೆ, ಮೊದಲ ದರ್ಜೆ ಬಂತು. ನಮ್ಮ ಕಡೆ ಹೆಂಗಸರಿಗೆ ಅದು ಚಟವಲ್ಲ, ಹಲ್ಲಿನ ಔಷಧಿ. ಔಷಧಿ ಎಂದುಕೊಂಡೇ ಎಂ.ಎ. ಹಾಸ್ಟೆಲಿಗೆ ಒಯ್ದೆ. ಔಷಧಿ ಎಂದುಕೊಂಡೇ ಕಾಲೇಜಿನ ಶೌಚಾಲಯದಲ್ಲಿ ಬಾಯಿ ಮುಕ್ಕಳಿಸಿ ತರಗತಿಗೆ ಹೋಗುತ್ತಿದ್ದೆ, ಹೋಗಿ ಪದ್ಯ ಓದುತ್ತಿದ್ದೆ.

ಮದುವೆಯಾದ ವರ್ಷ ಇವರಿಗೆ ಗೊತ್ತಾಗಿತ್ತು. ಬಿಟ್ಟೆ ಎಂದು ಹೇಳಿದ್ದೆ. ನಂಬಿದರು. ಇಪ್ಪತ್ತು ವರ್ಷದಿಂದ ನಂಬಿಕೊಂಡೇ ಇದ್ದಾರೆ.

೧೪ ಮೇ, ಮಂಗಳವಾರ

ಎರಡನೆಯ ಭೇಟಿ. ಹಲ್ಲು ಕೊರೆದು, ಒಳಗಿನ ನರ ತೆಗೆದು, ತಾತ್ಕಾಲಿಕವಾಗಿ ಮುಚ್ಚಿದರು. ಇಲ್ಲಿ ಒಂದೇ ದಿನಕ್ಕೆ ಏನನ್ನೂ ಮುಗಿಸುವುದಿಲ್ಲ, ವಾರಕ್ಕಿಷ್ಟು ಎಂದು ಮಾಡುತ್ತಾರೆ. ನೋವು ಅರ್ಧಕ್ಕೆ ಇಳಿಯಿತು.

ಆಮೇಲೆ ಬಟ್ಟೆಯ ತುಂಡು ಸುತ್ತಿದ ಬೆರಳಿಂದ ಕೆನ್ನೆಯ ಒಳಗೆ ಉಜ್ಜಿದರು. ಕೈಗನ್ನಡಿ ಕೊಟ್ಟು ತೋರಿಸಿದರು. ಹಾಲಿನ ಕೆನೆ ಹೆಪ್ಪುಗಟ್ಟಿದಂಥ ಬಿಳಿ ಮಚ್ಚೆ, ಹೆಬ್ಬೆರಳ ಉಗುರಿನಷ್ಟು, ನಡುವೆ ಸುಕ್ಕು. ಉಜ್ಜಿದರೂ ಹೋಗಲಿಲ್ಲ. ಎಷ್ಟು ಸಲ ಆ ಜಾಗವನ್ನು ನಾಲಿಗೆಯಿಂದ ಮುಟ್ಟಿದ್ದೇನೆ, ಒಂದು ದಿನವೂ ಕಣ್ಣಿಂದ ನೋಡಿರಲಿಲ್ಲ.

ಫೋನು ಓದಿತು: "ಇದು ಏನೆಂದು ನಮಗೆ ಖಚಿತವಾಗಿ ತಿಳಿಯಬೇಕು. ದೊಡ್ಡ ಆಸ್ಪತ್ರೆಗೆ ಪತ್ರ ಬರೆಯುತ್ತೇನೆ. ಅವರು ಚಿಕ್ಕ ತುಂಡನ್ನು ತೆಗೆದು ಪರೀಕ್ಷಿಸುತ್ತಾರೆ." ಅವರು ಕ್ಯಾನ್ಸರ್ ಎನ್ನುವ ಪದ ಬಳಸಲಿಲ್ಲ. ಬಳಸದಿರಲು ಎಷ್ಟು ಎಚ್ಚರ ವಹಿಸಿದರೋ ಅಷ್ಟೇ ಚೆನ್ನಾಗಿ ನನಗೆ ಕೇಳಿಸಿತು. ಮತ್ತೊಮ್ಮೆ ಕೇಳಿದರು, ತಂಬಾಕು? ಮತ್ತೊಮ್ಮೆ ತಲೆ ಅಲ್ಲಾಡಿಸಿದೆ.

೧೫ ಮೇ, ಬುಧವಾರ

ಇವತ್ತು ಮುಟ್ಟಲಿಲ್ಲ. ಬೆಳಿಗ್ಗೆ ಹನ್ನೊಂದರ ತನಕ.

೨೦ ಮೇ, ಸೋಮವಾರ

ಅಕ್ಕನಿಗೆ ಫೋನು ಮಾಡಿದೆ. ಆಸ್ಪತ್ರೆಯ ವಿಷಯ ಹೇಳುವುದಕ್ಕೆಂದೇ ಮಾಡಿದ್ದು. ಹೇಳಲಾಗಲಿಲ್ಲ.

"ಏನ್ ಜಯಾ, ಹಲ್ಲು ಕಿತ್ರಾ?"

"ಇಲ್ಲಕ್ಕ, ಉಳಿಸ್ತಾರಂತೆ. ವಾರ ವಾರ ಕರೆದು ಸ್ವಲ್ಪ ಸ್ವಲ್ಪ ಮಾಡ್ತಾರೆ."

"ಒಂದು ಹಲ್ಲಿಗೆ ತಿಂಗಳಾ? ನಿಮ್ ಭಾವ ಒಂದಿನದಾಗೆ ಅರ್ಧ ಮಂದೆ ಉಣ್ಣೆ ಕತ್ತರಿಸ್ತಾನೆ. ಅಲ್ಲಿಗೆ ಕಳಿಸ್ಲಾ ಅವನ್ನ?" ತಾನೇ ನಕ್ಕಳು. ಭಾವ ಕರಿಸಿದ್ದಪ್ಪ ಕುರಿ ಹೊಡೆದುಕೊಂಡು ಹೊಸದುರ್ಗದ ಕಡೆ ಹೋಗಿ ತಿಂಗಳಾಗಿದೆಯಂತೆ. "ಪುಡಿ ಖಾಲಿ ಆತಾ? ಹೋದ್ ಸಲ ಶೇಂಗಾಪುಡಿ ಡಬ್ಬಿ ತಳದಾಗೆ ಇಟ್ಟು ಕಳ್ಸಿದ್ದೆ. ನಿನ್ ಗಂಡ ಶೇಂಗಾಪುಡಿ ಆಸೆಗೆ ತಳ ಮುಟ್ಟಿದ್ರೆ ನನ್ನ ಕೇಳಬ್ಯಾಡ."

"ಐತಕ್ಕ ಇನ್ನೂ."

"ಐತಲ್ಲ, ಮತ್ಯಾಕೆ ದನಿ ಹಂಗ್ ಮಾಡ್ತಿ? ನೋವಾದ್ರೆ ಇನ್ನೊಂದ್ ಚೂರು ಜಾಸ್ತಿ ಇಟ್ಕ."

ಅವಳ ಮಾತು ಹಲ್ಲಿನ ಸಂದಿಯಿಂದ ಬಂದಂತೆ ಅಮುಕಿಕೊಂಡು ಬರುತ್ತಿತ್ತು. ಪುಡಿ ಇಟ್ಟುಕೊಂಡೇ ಮಾತಾಡುತ್ತಿದ್ದಾಳೆ ಎಂದುಕೊಂಡೆ. ನನ್ನ ಬಾಯಲ್ಲೂ ಇತ್ತು.

೨೮ ಮೇ, ಮಂಗಳವಾರ

ದೊಡ್ಡ ಆಸ್ಪತ್ರೆಗೆ ಇವರೂ ರಜೆ ಹಾಕಿ ಬಂದರು. ಯುವಕ ಡಾಕ್ಟರು, ಇಂಗ್ಲಿಷ್ ಬರುತ್ತಿತ್ತು. ಅವರು ಮೊದಲು ಕೇಳಿದ್ದೇ ತಂಬಾಕು, ಎಲೆ, ಅಡಿಕೆ, ಬಾಯಲ್ಲಿ ಇಟ್ಟುಕೊಳ್ಳುವಂಥದ್ದು ಏನಾದರೂ ಇದೆಯೇ ಎಂದು. ನಾನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಇವರು ಉತ್ತರ ಕೊಟ್ಟಿದ್ದರು. ನನ್ನ ಕಡೆ ತಿರುಗಿ, "ನಿಮ್ ದೇಶದ ಹೆಂಗಸ್ರು ಹಾಕ್ತಾರಂತಲ್ಲ ಅಂತ ಕೇಳ್ತಾನೆ. ನನ್ ಹೆಂಡ್ತಿ ಲೆಕ್ಚರರ್ರು, ಅಂಥದ್ದೆಲ್ಲ ಹತ್ರಕ್ಕೂ ಸೇರ್ಸಲ್ಲ ಅಂದೆ" ಎಂದರು. ಹೆಮ್ಮೆಯಿಂದ ಹೇಳಿದರು. ಮರಗಟ್ಟಿಸುವ ಸೂಜಿ ಇನ್ನೂ ಕೊಟ್ಟಿರಲಿಲ್ಲ. ನಾಲಿಗೆ ನನ್ನದೇ ಆಗಿತ್ತು.

ಯಾವ ಕಾರಣವೂ ಇಲ್ಲದೆ ಇಂಥ ಮಚ್ಚೆ ಬಂದಿದ್ದರೆ ಅದು ಹೆಚ್ಚು ಚಿಂತೆಯ ವಿಷಯ, ಇಡೀ ಮಚ್ಚೆಯನ್ನೇ ತೆಗೆಯಬೇಕಾದೀತು ಎಂದು ಆ ಡಾಕ್ಟರು ವಿವರಿಸಿದರು. ಇವರ ಮುಖ ಬಿಳುಚಿತು. ನಾನು ಗೋಡೆಯ ಮೇಲಿನ ದವಡೆಯ ಚಿತ್ರ ನೋಡುತ್ತ ಕೂತಿದ್ದೆ.

ತುಂಡು ತೆಗೆದು ಮೂರು ಹೊಲಿಗೆ ಹಾಕಿದ್ದಾರೆ. ಎರಡು ವಾರಕ್ಕೆ ಉತ್ತರ. ಬಸ್ಸಿನಲ್ಲಿ ಇವರು ನನ್ನ ಕೈ ಹಿಡಿದುಕೊಂಡೇ ಕೂತಿದ್ದರು. ಮದುವೆಯಾದ ಮೇಲೆ ಬಸ್ಸಿನಲ್ಲಿ ಕೈ ಹಿಡಿದಿದ್ದು ಇದೇ ಮೊದಲು.

೩೦ ಮೇ, ಗುರುವಾರ

ಬಲಗಡೆ ಇಟ್ಟುಕೊಂಡೆ. ಎಡಗಡೆ ಹೊಲಿಗೆ ಇದೆ, ಅದಕ್ಕೆ.

ಬರೆದು ಓದಿಕೊಂಡೆ. ಓದಿದವಳು ಯಾರು, ಇಟ್ಟುಕೊಂಡವಳು ಯಾರು. ಹೊಲಿಗೆಯ ಬಾಯಿಯಲ್ಲೂ ಇದು ಬೇಕು ಎನ್ನುವ ಹೆಂಗಸಿನ ಜೊತೆ ಒಂದೇ ಮನೆಯಲ್ಲಿ ಇರುವುದಕ್ಕೆ ನನಗೆ ಹೆದರಿಕೆಯಾಗುತ್ತಿದೆ. ಬೇಸಿನ್ನಿನಲ್ಲಿ ಉಗುಳಿ, ನೀರು ಬಿಟ್ಟು, ನೀರು ತಿಳಿಯಾಗುವ ತನಕ ನೋಡುತ್ತ ನಿಂತಿದ್ದೆ. ಸತ್ತರೆ ಇವರಿಗೆ ಕೊನೆಗೆ ಗೊತ್ತಾಗುವುದೇ ಇದು. ಅಡಿಗೆಮನೆ ಖಾಲಿ ಮಾಡುವಾಗ, ಶೇಂಗಾಪುಡಿ ಡಬ್ಬಿಯ ತಳದಲ್ಲಿ.

೩ ಜೂನ್, ಸೋಮವಾರ

ಇವತ್ತು ಹಲ್ಲಿನ ಕೆಲಸ ಮುಂದುವರಿಸಲು ನಿಶಿದಾ ಡಾಕ್ಟರ ಬಳಿ ಹೋಗಬೇಕಿತ್ತು. ಹೊರಡುವಾಗ ಡಬ್ಬಿಯ ತಳದಿಂದ ಪೊಟ್ಟಣ ತೆಗೆದು ಚೀಲಕ್ಕೆ ಹಾಕಿಕೊಂಡೆ. ಹಾಕಿಕೊಳ್ಳುವಾಗ ಏನು ಯೋಚಿಸಿದೆನೆಂದು ನೆನಪಿಲ್ಲ.

ಕುರ್ಚಿಯ ಮೇಲೆ ಕೂತು, ಟವೆಲು ಹಾಕುವ ಮೊದಲೇ ಪೊಟ್ಟಣವನ್ನು ಅವರ ತಟ್ಟೆಯಲ್ಲಿ, ಕನ್ನಡಿ ಇಕ್ಕಳಗಳ ಪಕ್ಕ ಇಟ್ಟೆ. ಬಿಚ್ಚಿದೆ. ವಾಸನೆ ಕೋಣೆಗೆಲ್ಲ ಹರಡಿತು. ನಮ್ಮ ಹಟ್ಟಿಯ ವಾಸನೆ. ನನ್ನ ಎಡಗೆನ್ನೆ ತೋರಿಸಿ, ಮೂರು ಬೆರಳು ಎತ್ತಿ, ಎರಡು ಬೆರಳು ಎತ್ತಿದೆ. ಮೂವತ್ತೆರಡು ವರ್ಷ. ಎಡಗೈಯನ್ನೇ ಎತ್ತಿದ್ದೆನೆಂದು ಕಾಣುತ್ತದೆ, ಸಹಾಯಕಿ ಗಾಬರಿಯಾಗಿ, ನೋವೇ, ಎಂದು ಬಗ್ಗಿದಳು.

ನಿಶಿದಾ ಡಾಕ್ಟರು ಒಂದು ಚಿಟಿಕೆ ಕೈಗವಸಿನ ಬೆರಳ ನಡುವೆ ಹಿಡಿದು ನೋಡಿದರು, ಮೂಸಿದರು. ಬೈಯಲಿಲ್ಲ. ದೊಡ್ಡ ಆಸ್ಪತ್ರೆಗೆ ಅಲ್ಲಿಂದಲೇ ಫೋನು ಮಾಡಿ ಬಹಳ ಹೊತ್ತು ಮಾತಾಡಿದರು. ಆಮೇಲೆ ಫೋನಿನಲ್ಲಿ ಟೈಪು ಮಾಡಿ ನನ್ನ ಕಡೆ ಹಿಡಿದರು: "ಹೇಳಿದ್ದು ಒಳ್ಳೆಯದಾಯಿತು. ಇವತ್ತಿನಿಂದ ನಿಲ್ಲಿಸಿ. ಮನೆಯಲ್ಲಿ ಇನ್ನು ಯಾರು ಇದನ್ನು ಬಳಸುತ್ತಾರೆ?"

ಕೊನೆಯ ಪ್ರಶ್ನೆಯನ್ನು ಎರಡು ಸಲ ಓದಿದೆ. ಇಷ್ಟು ದಿನ ನನ್ನ ಬಾಯಿ ಬಿಟ್ಟು ಬೇರೆ ಯಾರ ಬಾಯಿಯೂ ನೆನಪಿಗೆ ಬಂದಿರಲಿಲ್ಲ.

ಮನೆಗೆ ಬಂದವಳೇ ವಿಡಿಯೋ ಕರೆ ಮಾಡಿದೆ. ಅಲ್ಲಿ ಆಗಿನ್ನೂ ಮಧ್ಯಾಹ್ನದ ಊಟದ ಹೊತ್ತು. ಅಕ್ಕನ ಸೊಸೆ ಅನುಷಾ ಫೋನು ಹಿಡಿದುಕೊಂಡಳು.

"ಅಕ್ಕ, ಬಾಯಿ ತಗಿ."

"ಯಾಕೆ? ನನ್ ಬಾಯಾಗೆ ಮೂರ್ ಲೋಕ ಅವೆ ಅಂತ ಯಾರನ ಹೇಳಿದ್ರಾ?"

"ತಮಾಷೆ ಬ್ಯಾಡ. ಬೆಳಕಿಗೆ ತಿರುಗಿ ತಗಿ."

"ಉಣ್ಣೋ ಹೊತ್ನಾಗೆ ಎಂಥದೇ ಇದು. ಇಡು ಫೋನು."

ಅನುಷಾ ನಡುವೆ ಬಾಯಿ ಹಾಕಿದಳು. "ಚಿಕ್ಕತ್ತೆ, ಅತ್ತೆ ಈಗ ಖಾರಾನೇ ತಿನ್ನಲ್ಲ. ಸಾರು ಕುದಿಯೋಕೆ ಮುಂಚೆ ಸಪ್ಪೇದು ಬ್ಯಾರೆ ತೆಗೆದಿಟ್ಕಂತಾರೆ. ಮುದ್ದೇನೂ ಗಂಜಿ ಮಾಡ್ಕಂಡು ಕುಡೀತಾರೆ. ಕೇಳಿದ್ರೆ ಹೊಟ್ಟೆ ಉರಿ ಅಂತಾರೆ."

"ನಿನ್ ಬಾಯಿಗಿಷ್ಟು ಮಣ್ಣು ಹಾಕ" ಎಂದು ಅಕ್ಕ ಅವಳಿಗೆ ಬೈದು, ನನ್ನ ಕಡೆ ತಿರುಗಿದಳು. "ಹುಣ್ಣು ಐತೆ ಕಣೆ, ಎಡಕ್ಕೆ. ಹೋದ ದೀಪಾವಳಿಗೇ ನಿಂಗೆ ಹೇಳಿದ್ನಲ್ಲ. ನೀನೇ ಅಂದೆ, ಪುಡಿ ಒತ್ತಿ ಇಟ್ಕ, ಒಣಗ್ತೈತೆ ಅಂತ. ದಿನಕ್ಕೆ ಮೂರ್ ಸಲ ಇಡ್ತಿದ್ದೆ, ಓದಿದಾಕಿ ಹೇಳಿದ್ಮೇಲೆ ಅಂತ ಐದ್ ಸಲ ಮಾಡ್ದೆ."

ಹೇಳಿದ್ದೆ. ಈಗ ನೆನಪಿಗೆ ಬಂತು. ಈ ಅಡಿಗೆಮನೆಯಲ್ಲಿ ನಿಂತು, ಅನ್ನ ಬೇಯುತ್ತಿರುವಾಗ, ಫೋನನ್ನು ಕಿವಿಗೂ ಭುಜಕ್ಕೂ ಸಿಕ್ಕಿಸಿಕೊಂಡು ಹೇಳಿದ್ದೆ. ಅವಳು ನನ್ನ ಹದಿನಾರನೇ ವಯಸ್ಸಿಗೆ ಹೇಳಿದ್ದನ್ನೇ ನಾನು ಅವಳ ಐವತ್ತಾರಕ್ಕೆ ಹೇಳಿದ್ದೆ. ಅವಳಿಗೆ ಓದು ಬರುವುದಿಲ್ಲ. ನನಗೆ?

ಏಳು ತಿಂಗಳು. ದಿನಕ್ಕೆ ಐದು ಸಲ.

೪ ಜೂನ್, ಮಂಗಳವಾರ

ಮೂರು ಸಲ ಫೋನು ಮಾಡಿದೆ. ಅಕ್ಕ ಎತ್ತಲಿಲ್ಲ.

೬ ಜೂನ್, ಗುರುವಾರ

ಇವರಿಗೆ ಹೇಳಿದೆ. ಬೆಳಿಗ್ಗೆ, ತಿಂಡಿಯ ತಟ್ಟೆ ಎದುರಿಟ್ಟುಕೊಂಡು. ಡಬ್ಬಿಯ ತಳದಿಂದ ಶುರುಮಾಡಿ ಹಿಂದಕ್ಕೆ ಹೋದೆ, ಹಾಸ್ಟೆಲಿನ ತನಕ.

ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಕಿಟಕಿಯ ಹೊರಗೆ ನೋಡುತ್ತ, "ಆ ಡಾಕ್ಟ್ರ ಮುಂದೆ ನಾನು ಎದೆ ತಟ್ಕಂಡು ಹೇಳ್ದೆನಲ್ಲ ಜಯಾ" ಎಂದರು. "ನೀನು ಪಕ್ಕದಾಗೇ ಕುಂತಿದ್ದೆ."

"ಹೂಂ."

"ಒಂದು ಮಾತು ಅನ್ನಬೌದಿತ್ತು."

"ಅನ್ನಬೌದಿತ್ತು."

ಕೆಲಸಕ್ಕೆ ಹೋದರು. ಸಂಜೆ ಬಂದು ಊಟ ಮಾಡಿದರು. ಕೈ ತೊಳೆದು ಬಂದು, "ಬರಗೇರಮ್ಮತ್ತಿಗೇದು ಹುಣ್ಣು ಎಷ್ಟು ದಿನದ್ದು?" ಎಂದು ಕೇಳಿದರು. ಏಳು ತಿಂಗಳು ಎಂದೆ. ತಲೆ ಮೇಲೆ ಕೈಯಿಟ್ಟುಕೊಂಡರು. ನನ್ನ ಮೇಲಿನ ಸಿಟ್ಟನ್ನು ಇವರು ಆಮೇಲಕ್ಕೆ ಎತ್ತಿಟ್ಟುಕೊಂಡಿದ್ದಾರೆ ಎನ್ನುವುದು ಗೊತ್ತಾಯಿತು. ಎತ್ತಿಟ್ಟುಕೊಳ್ಳಲಿ.

೧೧ ಜೂನ್, ಮಂಗಳವಾರ

ಉತ್ತರ ಬಂತು. ಕ್ಯಾನ್ಸರ್ ಅಲ್ಲ. ಜೀವಕೋಶಗಳಲ್ಲಿ ಬದಲಾವಣೆ ಶುರುವಾಗಿದೆಯಂತೆ, ಪುಡಿ ಬಿಟ್ಟರೆ ಹಿಂದಕ್ಕೆ ಸರಿಯಬಹುದಂತೆ, ಮೂರು ತಿಂಗಳಿಗೊಮ್ಮೆ ತೋರಿಸಬೇಕು.

ಅಕ್ಕ ಇವತ್ತು ಎತ್ತಿದಳು. ಹಿರಿಯೂರಿನಲ್ಲಿ ಹಲ್ಲಿನ ಡಾಕ್ಟರಿದ್ದಾರೆ, ಅನುಷಾ ಜೊತೆ ಹೋಗು ಎಂದೆ.

"ಹೋದ್ರೆ ಹಲ್ಲು ಕೀಳ್ತಾರೆ. ಕಿತ್ರೆ ಕಣ್ಣು ಹೋಗ್ತಾವೆ. ನಮ್ ಬೋರಕ್ಕಂಗೆ ಹಂಗೇ ಆಗಿದ್ದು."

"ಹಲ್ಲು ಮುಟ್ಟಲ್ಲ ಅಕ್ಕ, ಬರೀ ನೋಡ್ತಾರೆ."

"ನೋಡಿ?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಅದೇ ಕಣೆ. ನೋಡಿ ಅವರೇನ್ ಹೇಳ್ತಾರೆ ಅಂತ ನಂಗೆ ಗೊತ್ತಿಲ್ಲ ಅಂತ ತಿಳ್ಕಂಡಿಯಾ? ನಮ್ಮವ್ವನ ಬಾಯಿ ತೊಳೆದಾಕಿ ನಾನು. ನೀನು ಸಣ್ಣಾಕಿ, ನಿನ್ನ ಒಳಗೆ ಬಿಡ್ತಿರ್ಲಿಲ್ಲ."

ಅಮ್ಮನಿಗೆ ಜ್ವರ ಎಂದಿದ್ದರು. ಮೂವತ್ತಾರು ವರ್ಷ ನಾನು ಜ್ವರ ಎಂದೇ ನಂಬಿದ್ದೆ.

ಗೊತ್ತಿದ್ದೂ ನನ್ನ ಹಲ್ಲಿಗೆ ಯಾಕೆ ಒತ್ತಿದೆ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಅವಳಿಗಾಗ ಇಪ್ಪತ್ನಾಲ್ಕು. ಅಮ್ಮನ ಬಾಯಿಗೂ ಪುಡಿಗೂ ಸಂಬಂಧವಿದೆ ಎಂದು ಅವಳಿಗೆ ಯಾರು ಹೇಳಿದ್ದರು?

"ನೀನು ಬಂದ್ರೆ ಬತ್ತೀನಿ" ಎಂದು ಅವಳೇ ಅಂದಳು. ನಾನು ಬರಲಾರೆ ಎಂದುಕೊಂಡೇ ಹಾಗೆ ಹೇಳಿದ್ದು.

ಇವರು ಟಿಕೇಟು ಹುಡುಕುತ್ತಿದ್ದಾರೆ.

೧೬ ಜೂನ್, ಭಾನುವಾರ

ನಾಳೆ ಹೊರಡುತ್ತೇನೆ. ನಿಶಿದಾ ಡಾಕ್ಟರು ನಿನ್ನೆ ಹಲ್ಲಿಗೆ ಮಾಡಿಸಿದ ಕ್ಯಾಪು ಕೂರಿಸಿ ಕೊಟ್ಟರು. ಒಂದು ಹಾಳೆಯಲ್ಲಿ ನನ್ನ ಅಕ್ಕನ ಡಾಕ್ಟರಿಗೆಂದು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದುಕೊಟ್ಟಿದ್ದಾರೆ. ಅವರು ಯಾರೋ, ಅಕ್ಕ ಯಾರೋ. ಪುಸ್ತಕ ಒಂದೂ ಇಟ್ಟುಕೊಳ್ಳಲಿಲ್ಲ. ಇದೊಂದು ಡೈರಿ.

೧೯ ಜೂನ್, ಬುಧವಾರ. ಹರಿಯಬ್ಬೆ

ಬೆಂಗಳೂರಿಂದ ಬಸ್ಸಿನಲ್ಲಿ ಹಿರಿಯೂರು, ಅಲ್ಲಿಂದ ಆಟೋ. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಕೆನ್ನೆ ಒಳಕ್ಕೆ ಹೋಗಿ ಮುಖ ಉದ್ದವಾಗಿದೆ. ಫೋನಿನಲ್ಲಿ ಇದು ಕಂಡಿರಲಿಲ್ಲ. "ಬಂದೇಬಿಟ್ಯಾ" ಎಂದಳು, ಯಾರದೋ ಕೈಗೆ ಸಿಕ್ಕಿಬಿದ್ದವಳ ಹಾಗೆ. ನನಗೆ ಮುದ್ದೆ, ಹುರುಳಿಕಟ್ಟಿನ ಸಾರು ಬಡಿಸಿ ಎದುರಿಗೆ ಕೂತು ಗಂಜಿ ಕುಡಿದಳು. ಲೋಟವನ್ನು ತುಟಿಗೆ ತಾಗಿಸಿ, ತಲೆ ಹಿಂದಕ್ಕೆ ಎತ್ತಿ, ಸ್ವಲ್ಪ ಸ್ವಲ್ಪವೇ ಸುರಿದುಕೊಂಡಳು. ನಾನು ನನ್ನ ತಟ್ಟೆ ನೋಡುತ್ತ ತಿಂದೆ.

೨೧ ಜೂನ್, ಶುಕ್ರವಾರ

ಹಿರಿಯೂರಿನ ಕ್ಲಿನಿಕ್ಕು, ಬೀಜ ಗೊಬ್ಬರದ ಅಂಗಡಿಯ ಮೇಲೆ. ಅಕ್ಕ, ನಾನು, ಅನುಷಾ. ಕಾಯುವವರಿಗೆ ಒಂದು ಬೆಂಚು, ಡಾಕ್ಟರ ಕುರ್ಚಿಗೂ ಬೆಂಚಿಗೂ ನಡುವೆ ಒಂದು ಪರದೆ. ಫ್ಯಾನಿನ ಗಾಳಿಗೆ ಪರದೆ ಒಂದು ಕಡೆ ನಿಲ್ಲುತ್ತಿರಲಿಲ್ಲ. ಬೆಂಚಿನ ಮೇಲೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದವಳು ಎದ್ದು ನಿಂತಳು. "ಮೇಡಂ, ಯಾವಾಗ ಬಂದ್ರಿ ಜಪಾನಿಂದ? ನಾನು ಸುಚಿತ್ರಾ, ಬಿ.ಎ.ಲಿ ನಿಮ್ ಸ್ಟೂಡೆಂಟು. ಕುಂತ್ಕಳ್ರಿ." ಅವಳಿಗೆ ಪದ್ಯ ಓದುವ ನನ್ನ ದನಿ ಇನ್ನೂ ನೆನಪಿದೆಯಂತೆ.

ಅಕ್ಕನ ಸರದಿ ಬಂತು. ಡಾಕ್ಟರ್ ಪ್ರದೀಪ್ ಮೂವತ್ತರ ಒಳಗಿನ ಹುಡುಗ, ತಾಳ್ಯದವರಂತೆ. "ಬರ್ರಿ ಅಮ್ಮ, ಕುಂತ್ಕಳ್ರಿ. ಏನ್ ತೊಂದ್ರೆ?"

"ತೊಂದ್ರೆ ಏನಿಲ್ಲ. ಇವಳು ಕರ್ಕಂಡ್ ಬಂದ್ಲು."

"ಹೊಗೆಸೊಪ್ಪು ಹಾಕ್ತೀರಾ?"

"ಇಲ್ಲಪ್ಪ."

"ಬಾಯಿ ತಗೀರಿ ನೋಡಾಣ."

ಅಕ್ಕ ತುಟಿ ಬಿಗಿದುಕೊಂಡಳು. ಡಾಕ್ಟರು ಕಾದರು, ಮತ್ತೆ ಹೇಳಿದರು. ಅವಳು ಕುರ್ಚಿಯ ತೋಳನ್ನು ಹಿಡಿದು ಏಳಲು ನೋಡಿದಳು. ನಾನು ಭುಜ ಹಿಡಿದೆ. ಅವಳ ಕಣ್ಣಲ್ಲಿ ನೀರು. "ನನ್ನೊಬ್ಬಳ್ನೇ ಯಾಕೆ ತಗಿ ಅಂತೀರಿ?" ಎಂದು ಹಲ್ಲಿನ ಸಂದಿಯಿಂದ ಅಂದಳು. "ನೀನು ತಗಿ ಮೊದ್ಲು."

ಪರದೆ ಹಾರಿತು. ಆಚೆ ಸುಚಿತ್ರಾ, ಅವಳ ಮಗು, ಇನ್ನೂ ಮೂವರು.

ನಾನು ಡಾಕ್ಟರ ಪಕ್ಕದ ಸ್ಟೂಲಿನ ಮೇಲೆ ಕೂತು, ಊರಿಗೆ ಬಂದ ಮೇಲೂ ಬಿಡದಿದ್ದ ಮಾಸ್ಕು ತೆಗೆದೆ. ಬಾಯಿ ಪೂರ್ತಿ ತೆರೆದೆ. ಎಡಗೆನ್ನೆಯನ್ನು ನಾನೇ ಬೆರಳಿಂದ ಎಳೆದು ಹಿಡಿದೆ. "ಕಡ್ಡಿಪುಡಿ, ಮೂವತ್ತೆರಡು ವರ್ಷ" ಎಂದೆ. ಬಾಯಿ ತೆರೆದುಕೊಂಡು ಹೇಳಿದ್ದರಿಂದ ಅಕ್ಷರ ಒಂದೂ ಸರಿಯಾಗಿ ಬರಲಿಲ್ಲ. ಬಿಟ್ಟು, ಬಾಯಿ ಮುಚ್ಚಿ, ಇನ್ನೊಂದು ಸಲ ಹೇಳಿದೆ, ತರಗತಿಯ ಕೊನೆಯ ಬೆಂಚಿಗೆ ಕೇಳುವಷ್ಟು. ಡಾಕ್ಟರು ದೀಪ ತಿರುಗಿಸಿ ನೋಡಿದರು. ಅಕ್ಕನೂ ಕುರ್ಚಿಯಿಂದ ಬಗ್ಗಿ ನೋಡಿದಳು. ಹೊಲಿಗೆಯ ಗುರುತು ನೋಡಿ, "ಕೊಯ್ದಿದಾರಲ್ಲೇ" ಎಂದಳು. "ನೀ ಹೇಳ್ಲೇ ಇಲ್ಲ."

ಆಮೇಲೆ ತಾನು ತೆಗೆದಳು. ಡಾಕ್ಟರು, "ಇನ್ನೂ ತಗೀರಿ" ಎಂದರು.

"ಇಷ್ಟೇ ಕಣಪ್ಪ ಬರಾದು. ಎಲ್ಡು ವರ್ಸಾತು."

ಮೂರು ಬೆರಳು ಹೋಗಬೇಕಂತೆ. ಅವರ ಒಂದು ಬೆರಳು ಹೋಯಿತು, ಎರಡನೆಯದು ಹಲ್ಲಿಗೆ ತಗುಲಿ ನಿಂತಿತು. ಚಿಕ್ಕ ಕನ್ನಡಿಯನ್ನು ಪಕ್ಕದಿಂದ ತೂರಿಸಿ ನೋಡಿದರು. ನಿಶಿದಾ ಡಾಕ್ಟರ ಹಾಳೆ ಕೊಟ್ಟೆ, ಓದಿ ತಲೆಯಾಡಿಸಿದರು. ಮೇಜಿಗೆ ಹೋಗಿ ಪತ್ರ ಬರೆಯತೊಡಗಿದರು. "ನಾಳೆ ಬೆಳಿಗ್ಗೆನೇ ದಾವಣಗೆರೆ ದೊಡ್ಡಾಸ್ಪತ್ರೆಗೆ ಹೋಗ್ರಿ. ಸೋಮವಾರಕ್ಕೆ ಅಂತ ಇಟ್ಕಬ್ಯಾಡ್ರಿ."

"ನಮ್ಮವ್ವಂದೇ ತಾನೆ ಇದು?" ಎಂದು ಅಕ್ಕ ಕೇಳಿದಳು. ಅವ್ವನ ಬಾಯಿ ನೋಡಿದವಳು ಅವಳೊಬ್ಬಳೇ. ಡಾಕ್ಟರು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಅವಳನ್ನು ಕುರ್ಚಿಯಿಂದ ಇಳಿಸಿದೆ. ಹಗುರಾಗಿದ್ದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಬಾಗಿಲ ಕಡೆ ಹೊರಟಳು. ಹಟ್ಟಿಯಲ್ಲಿ ಉಳಿದ ಮರಿಗಳಿಗೆ ಯಾರು ಮೇವು ಹಾಕುತ್ತಾರೆ, ನಾಳೆ ಎಷ್ಟು ಗಂಟೆಯ ಬಸ್ಸು ಎಂದೆಲ್ಲ ಕೇಳುತ್ತಿದ್ದಳು.

ಅನುಷಾ ಬರಲಿಲ್ಲ. ತಿರುಗಿ ನೋಡಿದೆ. ಬೆಳಿಗ್ಗೆಯಿಂದ ಚೀಲ ಹಿಡಿದುಕೊಂಡು ಗೋಡೆಗೆ ಒರಗಿ ನಿಂತಿದ್ದವಳು ಚೀಲವನ್ನು ನೆಲಕ್ಕಿಟ್ಟು ಅಕ್ಕ ಎದ್ದ ಕುರ್ಚಿಯಲ್ಲಿ ಕೂತಿದ್ದಳು. ಇಪ್ಪತ್ಮೂರು ವರ್ಷದ ಹುಡುಗಿ.

"ಏ, ನಿಂಗೇನಾಗೈತೆ? ಇಳಿ" ಎಂದಳು ಅಕ್ಕ.

ಅನುಷಾ ತಲೆಯನ್ನು ಕುರ್ಚಿಗೆ ಒರಗಿಸಿದಳು. ಡಾಕ್ಟರು ದೀಪವನ್ನು ಮತ್ತೆ ಹಚ್ಚಿದರು. ಅವಳು ಕಣ್ಣು ಮುಚ್ಚಿಕೊಂಡು ಬಾಯಿ ತೆರೆದಳು, ಪೂರ್ತಿ.